ಸದ್ದಿಲ್ಲದೆ ಕೂತ ಹೆಂಗಸರು

ಶೆಟ್ಟಿಹಳ್ಳಿ
11 ನವೆಂಬರ್ 2024

ಅಕ್ಕ,

ಇದು ನಾನೇ, ಕಲಾವತಿ. ಬರೆಯುತ್ತಿರುವುದು ಮಾತ್ರ ಫೋನು. ನಾನು ಹೇಳುತ್ತಾ ಹೋಗುತ್ತೇನೆ, ಅದು ಬರೆದುಕೊಳ್ಳುತ್ತದೆ. ನಮ್ಮ ಮನೆ ಮಾತು ಆಡಿದರೆ ಅದಕ್ಕೆ ತಲೆಬುಡ ತಿಳಿಯುವುದಿಲ್ಲ. ಅದಕ್ಕೇ ಹೀಗೆ ಮೇಷ್ಟ್ರ ಮುಂದೆ ಪಾಠ ಒಪ್ಪಿಸುವ ಹಾಗೆ ಹೇಳಬೇಕು. ಆಸ್ಪತ್ರೆಯಲ್ಲಿ ಶುಭಾ ಅಂತ ಒಬ್ಬಳು ನರ್ಸ್ ಇದನ್ನೆಲ್ಲ ಕಲಿಸಿಕೊಟ್ಟಳು. ನೀನು ಬರೆದು ಕಳಿಸಿದರೆ ಫೋನೇ ಓದಿ ಹೇಳುತ್ತದೆ, ಇಯರ್‌ಫೋನ್ ಹಾಕಿಕೊಂಡು ಕೇಳುತ್ತೇನೆ.

ನಿನ್ನೆ ನೀನು ಫೋನ್ ಮಾಡಿದಾಗ "ಚೆನ್ನಾಗಿದ್ದೀನಕ್ಕ" ಅಂತಲೇ ಹೇಳುತ್ತಿದ್ದೆನಲ್ಲ, ಆಗ ಪಕ್ಕದಲ್ಲಿ ಅತ್ತೆ, ಎದುರಿಗೆ ನಮ್ಮ ಯಜಮಾನರು. ಫೋನು ಸ್ಪೀಕರಿನಲ್ಲಿತ್ತು. ಕಣ್ಣು ಹೋದವಳಿಗೆ ಗುಟ್ಟು ಅನ್ನುವುದೂ ಉಳಿಯುವುದಿಲ್ಲ. ಇನ್ನು ಮೇಲೆ ನಿಜವಾದ ಮಾತು ಇದ್ದರೆ ಹೀಗೆ ಬರೆಯುತ್ತೇನೆ. ಮಹಡಿ ಮೆಟ್ಟಿಲ ಮೇಲೆ ಕೂತು ಮೆಲ್ಲಗೆ ಮಾತಾಡಿದರೆ ಕೆಳಗೆ ಕೇಳುವುದಿಲ್ಲ.

ಕಣ್ಣುಗುಡ್ಡೆ ಚೆನ್ನಾಗಿಯೇ ಇದೆಯಂತೆ. ಅದರ ಹಿಂದೆ ಮೆದುಳಿಗೆ ಹೋಗುವ ನರ ಊದಿಕೊಂಡಿದೆಯಂತೆ, ಎರಡೂ ಕಡೆ. ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ಡ್ರಿಪ್ ಹಾಕಿದರು, ಈಗ ಮಾತ್ರೆ ಕೊಟ್ಟು ಕಳಿಸಿದ್ದಾರೆ. "ವಾರಗಟ್ಟಲೆ ಹಿಡಿಯುತ್ತೆ, ಆದ್ರೆ ದೃಷ್ಟಿ ವಾಪಸ್ ಬರೋ ಚಾನ್ಸ್ ಚೆನ್ನಾಗಿದೆ. ಮಾತ್ರೆ ಮಾತ್ರ ಒಂದಿನಾನೂ ತಪ್ಪಿಸಬೇಡಿ" ಅಂದರು ವೇದವತಿ ಡಾಕ್ಟರು. ಹಾಳು ಮಾತ್ರೆ, ನಾಲಿಗೆಗೆ ತಗುಲಿದರೆ ಮಧ್ಯಾಹ್ನದ ತನಕ ಕಹಿ. ಬೆಳಿಗ್ಗೆ ತಿಂಡಿ ಆದ ಮೇಲೆ ಅತ್ತೆ ಅಂಗೈಗೆ ಹಾಕುತ್ತಾರೆ, ನುಂಗುತ್ತೇನೆ.

ಗಾರ್ಮೆಂಟ್ಸಿನಲ್ಲಿ ನನಗಿಂತ ಚೆನ್ನಾಗಿ ಚೆಕಿಂಗ್ ಮಾಡುವವರು ಇರಲಿಲ್ಲ ಅಂತ ನಿನಗೆ ಗೊತ್ತು. ಒಂದು ಹೊಲಿಗೆ ತಪ್ಪಿದ್ದರೂ ಹಿಡಿಯುತ್ತಿದ್ದೆ. ಈಗ ಬಚ್ಚಲಿನ ಬಾಗಿಲು ಹುಡುಕಿಕೊಂಡು ಗೋಡೆ ಸವರುತ್ತೇನೆ. ಭಯವಾಗುತ್ತದೆ ಅಕ್ಕ.

ಒಂದು ಕೇಳುತ್ತೇನೆ, ಯಾಕೆ ಅಂತ ಕೇಳಬೇಡ. ಅಪ್ಪನ ಕಡೆಯಾಗಲಿ ಅಮ್ಮನ ಕಡೆಯಾಗಲಿ ಯಾರಿಗಾದರೂ ತಲೆ ಕೆಟ್ಟಿತ್ತಾ?

ಕಲಾ


ಬೀದರ್
12 ನವೆಂಬರ್ 2024

ಕಲಾ,

ನಿನ್ನ ಫೋನು ನಿನಗಿಂತ ಚೆನ್ನಾಗಿ ಬರೆಯುತ್ತದೆ ಕಣೇ. ಒಂದೂ ಕಾಗುಣಿತ ತಪ್ಪಿಲ್ಲ. ಚಿಕ್ಕಂದಿನಲ್ಲಿ ಇದು ಸಿಕ್ಕಿದ್ದರೆ ನೀನು ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆಯುತ್ತಿರಲಿಲ್ಲ.

ನಮ್ಮ ಕಡೆ ಯಾರಿಗೂ ತಲೆ ಕೆಟ್ಟಿರಲಿಲ್ಲ. ಅಪ್ಪನಿಗೆ ಕೋಪ ಬಂದರೆ ತಟ್ಟೆ ಎಸೆಯುತ್ತಿದ್ದ, ಅದು ಹುಚ್ಚಲ್ಲ, ಕೊಬ್ಬು. ಈ ಪ್ರಶ್ನೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಮುನಿರತ್ನ ಏನಾದರೂ ಅಂದನಾ? ಹೆಂಡತಿ ಕಣ್ಣು ಕಾಣದೆ ಅಳುತ್ತಾ ಕೂತರೆ ಹುಚ್ಚಿ ಅನ್ನುತ್ತಾನಾ? ಅವನ ಏರ್‌ಪೋರ್ಟ್ ಟ್ಯಾಕ್ಸಿಯ ಚಕ್ರ ಬಿಚ್ಚಿಸುತ್ತೇನೆ ಅಂತ ಹೇಳು.

ಈಗಲೇ ಓಡಿ ಬರಬೇಕು ಅನ್ನಿಸುತ್ತಿದೆ. ಹಾಸ್ಟೆಲಿನಲ್ಲಿ ನಾನೊಬ್ಬಳೇ ವಾರ್ಡನ್ನು, ಮಕ್ಕಳನ್ನು ಯಾರ ಕೈಗೆ ಬಿಟ್ಟು ಬರಲಿ? ರಜೆ ಕೇಳಿದ್ದೇನೆ. ಅಲ್ಲಿಯವರೆಗೆ ಮಾತ್ರೆ ತಪ್ಪಿಸಬೇಡ, ಸುಮ್ಮನೆ ಕೂತು ಇಲ್ಲದ್ದನ್ನು ಯೋಚನೆ ಮಾಡಬೇಡ.

ಜ್ಯೋತಿ


ಶೆಟ್ಟಿಹಳ್ಳಿ
14 ನವೆಂಬರ್ 2024

ಅಕ್ಕ,

ಅವರು ಪಾಪ ಏನೂ ಅಂದಿಲ್ಲ. ಬೈಯಬೇಡ. ಆಸ್ಪತ್ರೆಯಲ್ಲಿ ನನ್ನ ತಲೆ ಬಾಚಿದ್ದೂ ಅವರೇ, ಮೂರು ಕಡೆ ಸಿಕ್ಕು ಹಾಕಿ. ತಲೆಯ ವಿಷಯ ಕೇಳಿದ್ದು ನನಗೋಸ್ಕರ.

ನನಗೆ ಏನೇನೋ ಕಾಣುತ್ತಿದೆ.

ಕಣ್ಣು ಕಾಣುವುದಿಲ್ಲ ಅಂತ ಹೇಳಿ ಈಗ ಕಾಣುತ್ತಿದೆ ಅನ್ನುತ್ತಾಳೆ ಅಂತ ನಗಬೇಡ. ಎದುರಿಗೆ ಇರುವುದು ಯಾವುದೂ ಕಾಣುವುದಿಲ್ಲ. ಇಲ್ಲದ್ದು ಕಾಣುತ್ತದೆ. ಮೊದಲು ಆಸ್ಪತ್ರೆಯಲ್ಲಿ ಕತ್ತಲ ತುಂಬ ಜಾಲರಿ ಬಂತು, ಇಟ್ಟಿಗೆ ಜೋಡಿಸಿದ ಹಾಗೆ. ಆಮೇಲೆ ಸಣ್ಣ ಸಣ್ಣ ಹೂವಿನ ಪ್ರಿಂಟು, ಬಟ್ಟೆಯ ಥಾನು ಬಿಚ್ಚಿದ ಹಾಗೆ ಹರಿದು ಹೋಗುತ್ತಲೇ ಇತ್ತು. ಫ್ಯಾಕ್ಟರಿ ನೆನಪು ಅಂದುಕೊಂಡೆ. ಮನೆಗೆ ಬಂದ ದಿನ ಹೆಂಗಸರು ಬಂದರು.

ಹಾಲಿನಲ್ಲಿ ಕೂತಿದ್ದೆ. ಗೋಡೆಯ ಬದಿಗೆ ಸಾಲಾಗಿ ಕೂತಿದ್ದರು. ಗರಿಗರಿ ಸೀರೆ, ತಲೆಯ ಮೇಲೆ ಏನೋ ಎತ್ತರಕ್ಕೆ ಕಟ್ಟಿಕೊಂಡಿದ್ದರು. ಸೀರೆಯ ಅಂಚಿನ ಜರಿ ಎಳೆಎಳೆಯಾಗಿ ಕಾಣುತ್ತಿತ್ತು ಅಕ್ಕ, ಕಣ್ಣು ಸರಿ ಇದ್ದಾಗಲೂ ಅಷ್ಟು ಸ್ಪಷ್ಟವಾಗಿ ನಾನು ಏನನ್ನೂ ನೋಡಿಲ್ಲ. ಮುಖ ಮಾತ್ರ ಇರಲಿಲ್ಲ. ಇರಬೇಕಾದ ಜಾಗದಲ್ಲಿ ಚರ್ಮ ಇತ್ತು, ಅಷ್ಟೇ. ಒಬ್ಬಳೂ ಮಾತಾಡಲಿಲ್ಲ. ಬಳೆಯ ಸದ್ದೂ ಇಲ್ಲ. "ಯಾರು?" ಅಂತ ಕೇಳಿದೆ. ಅಡುಗೆಮನೆಯಿಂದ ಅತ್ತೆ, "ಯಾರ್ ಬಂದವ್ರೆ?" ಅಂದರು. ಯಾರೂ ಇಲ್ಲ ಅಂದೆ. ಆಗಲೂ ಅವರು ಕೂತೇ ಇದ್ದರು.

ಈಗ ದಿನಾ ಬರುತ್ತಾರೆ. ಒಂದು ಒಂಟೆಯೂ ಬಂದಿತ್ತು. ಬಾಗಿಲಿನಷ್ಟು ಎತ್ತರದ ಒಂಟೆ, ಫ್ರಿಜ್ಜಿನ ಪಕ್ಕ. ಟೋಪಿ ಹಾಕಿದ ಗೇಣುದ್ದದ ಗಂಡಸರು ನೆಲದ ಮೇಲೆ ಹೋಗುತ್ತಿದ್ದರು. ಇವು ನಿಜ ಅಲ್ಲ ಅಂತ ನನಗೆ ಗೊತ್ತು. ಆದರೂ ಕಾಲು ಮೇಲೆ ಎತ್ತಿಕೊಂಡು ಕೂರುತ್ತೇನೆ. ನಿನ್ನೆ ಅಂಥ ಹೆಂಗಸೊಬ್ಬಳು ನನ್ನ ಮಂಚದ ಮೇಲೇ ಕೂತಿದ್ದಳು. ಅವಳ ಜೊತೆ ಹೇಗೆ ಮಲಗಲಿ?

ಡಾಕ್ಟರಿಗೆ ಹೇಳಿಲ್ಲ. ಹೇಳಿದರೆ ಕಣ್ಣಿನ ವಾರ್ಡಿನಿಂದ ತಲೆಯ ವಾರ್ಡಿಗೆ ಕಳಿಸುತ್ತಾರೆ. ಹುಚ್ಚಿ ಅಂತ ಒಂದು ಸಲ ಅನ್ನಿಸಿಕೊಂಡರೆ ಆಮೇಲೆ ಕಣ್ಣು ಬಂದರೂ ಯಾರು ಕೆಲಸ ಕೊಡುತ್ತಾರೆ, ಮನೆಯವರು ಯಾವ ಕಣ್ಣಿನಿಂದ ನೋಡುತ್ತಾರೆ? ನನ್ನ ಗುರುತು ನಿನಗಿಂತ ಚೆನ್ನಾಗಿ ಯಾರಿಗೂ ಇಲ್ಲ. ನನಗೆ ತಲೆ ಕೆಟ್ಟಿದೆಯೋ ಇಲ್ಲವೋ, ಅಷ್ಟು ಹೇಳು. ಬೇಗ ಬರಿ.

ಕಲಾ


ಶೆಟ್ಟಿಹಳ್ಳಿ
18 ನವೆಂಬರ್ 2024

ಅಕ್ಕ,

ನೀನು ಓದಿದ್ದೀಯ ಅಂತ ಫೋನು ಹೇಳುತ್ತಿದೆ. ಮೆಟ್ಟಿಲ ಮೇಲೆ ಬಂದು ಬಂದು ಕೇಳುತ್ತಿದ್ದೇನೆ, ಹೊಸ ಸಂದೇಶ ಇಲ್ಲ ಅನ್ನುತ್ತದೆ. ಮೊನ್ನೆ ಫೋನಿನಲ್ಲಿಯೂ ನೀನು ಅತ್ತೆಯ ಮಂಡಿನೋವಿನ ಬಗ್ಗೆಯೇ ಮಾತಾಡಿ ಇಟ್ಟುಬಿಟ್ಟೆ.

ನಿನಗೂ ಹಾಗೇ ಅನ್ನಿಸಿತು ಅಂತ ಕಾಣುತ್ತದೆ. ಪರವಾಗಿಲ್ಲ.

ಕಲಾ


ಶೆಟ್ಟಿಹಳ್ಳಿ
21 ನವೆಂಬರ್ 2024

ಅಕ್ಕ,

ನಾನು ಅತ್ತೆಗೆ ಹೇಳಿಬಿಟ್ಟೆ. ಯಾರಿಗಾದರೂ ಹೇಳಲೇಬೇಕಿತ್ತು. ಸೋಮವಾರ ಸಂಜೆ ಅವರು ದೀಪ ಹಚ್ಚುತ್ತಿದ್ದಾಗ ಆ ಹೆಂಗಸರು ಎದ್ದು ನಿಂತರು, ನಾನು ಕಿರುಚಿಕೊಂಡೆ. ಅತ್ತೆ ಬಂದು ಹಿಡಿದುಕೊಂಡರು. ಹೆಂಗಸರು ಸಾಲಾಗಿ ಕೂತಿರುತ್ತಾರೆ, ತಲೆಯ ಮೇಲೆ ಎತ್ತರಕ್ಕೆ ಇರುತ್ತದೆ, ಮುಖ ಇಲ್ಲ, ಮಾತಿಲ್ಲ ಅಂತೆಲ್ಲ ಅತ್ತುಕೊಂಡು ಹೇಳಿದೆ.

"ಏಳ್ ಜನಾನೇನವ್ವಾ?" ಅಂದರು.

ನಾನು ಎಣಿಸಿರಲಿಲ್ಲ. ಒಂದು ದಿನ ನಾಲ್ಕು ಜನ ಇರುತ್ತಾರೆ, ಒಂದು ದಿನ ಹನ್ನೆರಡು. ಆದರೆ ಅವರ ಗಂಟಲಿನಲ್ಲಿ ಅಷ್ಟು ಆಸೆ ಇತ್ತು. ಹೂಂ ಅಂದೆ.

ನಮ್ಮ ಕೆರೆ ಏರಿಯ ಮೇಲೆ ಅಕ್ಕಯ್ಯಮ್ಮನವರ ಕಲ್ಲುಗಳಿದ್ದವು ಅಂತ ಅತ್ತೆ ಯಾವಾಗಲೂ ಹೇಳುತ್ತಿದ್ದರಲ್ಲ, ಏಳು ಜನ ಅಕ್ಕತಂಗಿಯರು, ಅರಿಶಿನ ಹಚ್ಚಿ ಮಡಿಲು ತುಂಬುತ್ತಿದ್ದರಂತೆ. ಲೇಔಟ್ ಆದಾಗ ಜೆಸಿಬಿಯವರು ಮಣ್ಣಿನ ಜೊತೆ ಎಲ್ಲಿಗೆ ಸುರಿದರೋ ಗೊತ್ತಿಲ್ಲ. "ನಿಲ್ಲಾಕ್ ಜಾಗ ಇಲ್ದೆ ನಮ್ಮನೆಗ್ ಬಂದವ್ರೆ ಕಣವ್ವಾ. ನಿನ್ ಕಣ್ಣಾಗ್ ಕುಂತವ್ರೆ. ಹೆದರ್ಕೊಬೇಡ" ಅಂತ ನನ್ನ ಕಾಲು ಮುಟ್ಟಿದರು. ಎಪ್ಪತ್ತು ದಾಟಿದ ಮುನಿಕೆಂಪಮ್ಮ ನನ್ನ ಕಾಲು ಮುಟ್ಟಿದರು ಅಕ್ಕ.

ಅವತ್ತಿನಿಂದ ನಾನು ದೇವರ ಗೂಡಿನ ಮುಂದೆ ಕೂರುತ್ತೇನೆ. ಬೇವಿನ ಸೊಪ್ಪು ಬಾಗಿಲಿಗೆ ಸಿಕ್ಕಿಸಿದ್ದಾರೆ. ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಮೊಸರನ್ನ, ತಂಬಿಟ್ಟು ಅಷ್ಟೇ. ಅಬ್ಬಿಗೆರೆಯಿಂದ ಇಬ್ಬರು ಬಂದು ಮಗಳ ಮದುವೆ ಯಾವಾಗ ಆಗುತ್ತದೆ ಕೇಳು ಅಂದರು. ತಲೆ ಅಲ್ಲಾಡಿಸಿದೆ, ಅದಕ್ಕೂ ಸಂತೋಷಪಟ್ಟರು. ಒಂಟೆಯ ವಿಷಯ ಹೇಳಿಲ್ಲ. ಟೋಪಿಯವರದೂ ಹೇಳಿಲ್ಲ. ಹುಚ್ಚಿ ಅನ್ನಿಸಿಕೊಳ್ಳುವುದಕ್ಕಿಂತ ದೇವರು ಬಂದವಳು ಅನ್ನಿಸಿಕೊಳ್ಳುವುದು ವಾಸಿ ಅಲ್ಲವಾ?

ಮಾತ್ರೆಯ ಕಾಟವೂ ತಪ್ಪಿತು. ಈಗಿನದು ಕಹಿಯೇ ಇಲ್ಲ, ಡಾಕ್ಟರು ಬದಲಾಯಿಸಿದ್ದಾರಂತೆ. ಮೊನ್ನೆಯವರೆಗೆ ಕಿಟಕಿಯ ಕಡೆ ತಿರುಗಿದರೆ ಒಂದು ಬೂದುಬಣ್ಣ ಬರುತ್ತಿತ್ತು. ನಿನ್ನೆಯಿಂದ ಅದಿಲ್ಲ. ಮೋಡವಿರಬೇಕು.

ಕಲಾ


ಬೀದರ್
21 ನವೆಂಬರ್ 2024

ಕಲಾ,

ಇದನ್ನು ಇಯರ್‌ಫೋನ್ ಹಾಕಿಕೊಂಡೇ ಕೇಳು. ಯಾರಾದರೂ ಪಕ್ಕದಲ್ಲಿದ್ದರೆ ಈಗಲೇ ನಿಲ್ಲಿಸಿ ಮೆಟ್ಟಿಲ ಹತ್ತಿರ ಹೋಗು.

ನಿನಗೆ ತಲೆ ಕೆಟ್ಟಿಲ್ಲ. ಇದನ್ನು ಹೇಳಲು ಏಳು ದಿನ ತೆಗೆದುಕೊಂಡೆ, ಯಾಕೆಂದರೆ ನನಗೂ ಗೊತ್ತಿರಲಿಲ್ಲ. ನಿನ್ನ ಕಾಗದ ಓದಿ ಸುಳ್ಳು ಸಮಾಧಾನ ಬರೆದು ಅಳಿಸಿದೆ, ಬರೆದು ಅಳಿಸಿದೆ. ಇವತ್ತು ಹಾಸ್ಟೆಲಿನ ಮಕ್ಕಳಿಗೆ ಕಣ್ಣು ಪರೀಕ್ಷೆ ಮಾಡಲು ಬಂದ ಡಾಕ್ಟರನ್ನು ಪಕ್ಕಕ್ಕೆ ಕರೆದು ಕೇಳಿದೆ, ನಮ್ಮ ಪರಿಚಯದವರು ಒಬ್ಬರು ಅಂತ ಹೇಳಿ. ಅವರು ನನ್ನ ಮಾತು ಮುಗಿಯುವ ಮೊದಲೇ, "ಮುಖ ಸರಿಯಾಗಿ ಕಾಣಲ್ಲ, ಮಾತಾಡಲ್ಲ, ಬಟ್ಟೆ ಮಾತ್ರ ಬಹಳ ಚೆಂದ ಇರುತ್ತೆ, ಅಲ್ಲವಾ?" ಅಂದರು.

ಮೆದುಳಿನಲ್ಲಿ ನೋಡುವ ಕೆಲಸಕ್ಕೇ ಅಂತ ಒಂದು ಭಾಗ ಇದೆಯಂತೆ. ಕಣ್ಣಿನಿಂದ ಏನೂ ಬರದೆ ಹೋದಾಗ ಅದು ಸುಮ್ಮನೆ ಕೂರುವುದಿಲ್ಲ, ತನ್ನ ಪಾಡಿಗೆ ತಾನೇ ಚಿತ್ರ ಮಾಡಿಕೊಳ್ಳುತ್ತದೆ. ಕೆಲಸವಿಲ್ಲದಾಗ ನೀನು ನೆಲದ ತುಂಬ ಸೀಮೆಸುಣ್ಣದಲ್ಲಿ ಗೀಚುತ್ತಿದ್ದೆಯಲ್ಲ, ಹಾಗೆ. ಬುದ್ಧಿ ನೆಟ್ಟಗಿರುವವರಿಗೂ ಆಗುತ್ತದೆ. ಬೇಕಾದಷ್ಟು ಜನಕ್ಕೆ ಆಗುತ್ತದೆ, ಹುಚ್ಚು ಅನ್ನುತ್ತಾರೆ ಅಂತ ಹೆದರಿ ಬಾಯಿ ಬಿಡುವುದಿಲ್ಲ. ಕಣ್ಣನ್ನು ಆ ಕಡೆ ಈ ಕಡೆ ಬೇಗ ಬೇಗ ಆಡಿಸಿದರೆ ಎಷ್ಟೋ ಸಲ ಚಿತ್ರ ಹೋಗುತ್ತದಂತೆ. ಮಾಡಿ ನೋಡು.

ಈಗ ಮುಖ್ಯವಾದದ್ದು. ಮಾತ್ರೆಯನ್ನು ಯಾವ ಡಾಕ್ಟರು ಬದಲಾಯಿಸಿದರು? ನೀನು ಆಸ್ಪತ್ರೆಗೆ ಹೋಗಿಲ್ಲ, ಅವರು ಮನೆಗೆ ಬಂದಿಲ್ಲ. ನಮಗೆ ಚಿಕ್ಕಂದಿನಲ್ಲಿ ಅಮ್ಮ ಎದ್ದಿತ್ತಲ್ಲ, ಮೈತುಂಬ ಗುಳ್ಳೆ. ಆಗ ಏನು ಮಾಡಿದರು ನೆನಪಿದೆಯಾ? ಬೇವಿನ ಸೊಪ್ಪು, ಒಗ್ಗರಣೆ ಇಲ್ಲ, ಮೊಸರನ್ನ. ಇನ್ನೊಂದು ಏನು ಮಾಡುತ್ತಿರಲಿಲ್ಲ, ಹೇಳು. ಅಮ್ಮ ಮೈಮೇಲಿರುವಾಗ ಮದ್ದು ಕೊಡುತ್ತಿರಲಿಲ್ಲ.

ನಾಳೆ ಬೆಳಿಗ್ಗೆ ಮಾತ್ರೆ ನುಂಗಬೇಡ. ಜಗಿ. ಏನು ರುಚಿ ಅಂತ ನನಗೆ ಹೇಳು. ಗಾಬರಿಯಾಗಬೇಡ, ಒಂದೆರಡು ದಿನ ತಪ್ಪಿದರೆ ಏನೂ ಆಗುವುದಿಲ್ಲ.

ಜ್ಯೋತಿ


ಶೆಟ್ಟಿಹಳ್ಳಿ
22 ನವೆಂಬರ್ 2024

ಅಕ್ಕ,

ಜಗಿದೆ. ಬಳಪದ ರುಚಿ. ಅತ್ತೆ ಮಂಡಿನೋವಿಗೆ ತಿನ್ನುವ ಸುಣ್ಣದಂಶದ ಮಾತ್ರೆ.

ನಮ್ಮ ಯಜಮಾನರಿಗೆ ಇದು ಗೊತ್ತಿದೆಯಾ? ಗೊತ್ತಿದ್ದೂ ಸುಮ್ಮನಿದ್ದಾರಾ? ಮುಖ ನೋಡಿದ್ದರೆ ಒಂದೇ ಕ್ಷಣದಲ್ಲಿ ತಿಳಿಯುತ್ತಿತ್ತು. ಇವತ್ತು ಅತ್ತೆ ಅನ್ನ ಇಕ್ಕಿದರು, ಅದರಲ್ಲಿ ಏನಿದೆ ಅಂತ ಹೆದರಿ ತಿನ್ನಲಿಲ್ಲ. ನನ್ನ ಮನೆಯಲ್ಲೇ ನನಗೆ ಹೀಗಾಯಿತಲ್ಲ. ಅಂಗೈಗೆ ಹಾಕಿದ್ದನ್ನು ನಂಬಿ ನುಂಗುವವಳಿಗೆ ಬೇರೆ ಏನು ದಾರಿ ಇದೆ?

ಕಣ್ಣು ಆಡಿಸಿ ನೋಡಿದೆ. ಹೆಂಗಸರು ಹೋದರು. ಹೋದ ಮೇಲೆ ಇನ್ನೂ ಭಯವಾಯಿತು. ಅವರು ದೇವರಾಗಿದ್ದರೆ ನಾನು ಕಣ್ಣು ಆಡಿಸಿದ್ದಕ್ಕೆ ಹೋಗುತ್ತಿದ್ದರಾ?

ಅಕ್ಕಯ್ಯಮ್ಮ ಇಲ್ಲ ಅಂದರೆ ನಾನು ಹುಚ್ಚಿ. ಇದ್ದಾಳೆ ಅಂದರೆ ಮದ್ದಿಲ್ಲದೆ ಕುರುಡಿ. ನಾನು ಯಾವುದನ್ನು ಹೇಳಲಿ?

ಕಲಾ


ಬೀದರ್
22 ನವೆಂಬರ್ 2024

ಕಲಾ,

ನಿನ್ನ ವೇದವತಿ ಡಾಕ್ಟರ ಜೊತೆ ಮಾತಾಡಿದೆ. ನಿನ್ನೆ ಒಂದು ಸುಳ್ಳು ಹೇಳಿದ್ದೆ, ಈಗ ನಿಜ ಕೇಳು. ಆ ಮಾತ್ರೆಯನ್ನು ಹೀಗೆ ಥಟ್ಟನೆ ನಿಲ್ಲಿಸಬಾರದು. ನರ ಮತ್ತೆ ಊದಿಕೊಂಡಿದ್ದರೆ ಒಂದೊಂದು ದಿನಕ್ಕೂ ಕಣ್ಣು ಕೈತಪ್ಪುತ್ತದೆ. ಇವತ್ತೇ ಕರೆತನ್ನಿ ಅಂದರು. ಚಿತ್ರ ಕಾಣುವುದನ್ನೂ ಹೇಳಿದೆ, ಬೈಯಬೇಡ. "ಅಯ್ಯೋ, ನಾನೇ ಮೊದಲೇ ಹೇಳಿಕೊಡಬೇಕಿತ್ತು" ಅಂದರು, ಅಷ್ಟೇ. ಯಾವ ತಲೆಯ ವಾರ್ಡೂ ಇಲ್ಲ.

ಮುನಿರತ್ನನಿಗೆ ಫೋನ್ ಮಾಡಿದೆ. ಅವನಿಗೆ ಗೊತ್ತಿತ್ತು ಕಣೇ. ಮದ್ದು ಹಾಕಿದರೆ ಅಕ್ಕಯ್ಯಮ್ಮ ಕಣ್ಣು ಕಿತ್ತುಕೊಂಡು ಹೋಗುತ್ತಾಳೆ ಅಂತ ತಾಯಿ ಹೇಳಿದ್ದಕ್ಕೆ ಹೆದರಿದ್ದ. "ಎರಡು ಕಡೆನೂ ಭಯ ಅಕ್ಕಾ, ಏನ್ ಮಾಡ್ಲಿ" ಅಂತ ಅತ್ತ. ಬೈಯಲು ಬಾಯಿ ತೆರೆದವಳು, ಮೊದಲು ಗಾಡಿ ತಿರುಗಿಸು ಅಂದೆ. ಅವನು ದೇವನಹಳ್ಳಿ ಕಡೆಯಿಂದ ಹೊರಟಿದ್ದಾನೆ. ತಾಯಿ ಬೇಡ ಅಂದರೆ ಅವನು ಮತ್ತೆ ಕಾಲು ಹಿಂದಕ್ಕೆ ತೆಗೆಯುತ್ತಾನೆ, ನನಗೆ ನಂಬಿಕೆಯಿಲ್ಲ. ನೀನೇ ಅತ್ತೆಗೆ ಹೇಳಬೇಕು. ಒಂಟೆಯನ್ನೂ ಸೇರಿಸಿ ಹೇಳು.

ಅಡುಗೆಯವಳ ಕೈಗೆ ಹಾಸ್ಟೆಲಿನ ಬೀಗ ಕೊಟ್ಟು ಯಶವಂತಪುರದ ರೈಲು ಹತ್ತುತ್ತಿದ್ದೇನೆ. ನಾನು ಬರುವವರೆಗೆ ಕಾಯಬೇಡ.

ಜ್ಯೋತಿ


ಆಸ್ಪತ್ರೆ, ಹೆಬ್ಬಾಳ
23 ನವೆಂಬರ್ 2024

ಅಕ್ಕ,

ಡ್ರಿಪ್ ಹಾಕಿದ್ದಾರೆ. ನೀನು ಎಲ್ಲಿದ್ದೀಯೋ, ರೈಲಿನಲ್ಲಿ ಸಿಗ್ನಲ್ ಸಿಕ್ಕಾಗ ಕೇಳು.

ಹೇಳಿದೆ. ದೇವರ ಗೂಡಿನ ಮುಂದೆ ಕೂತು ಅತ್ತೆಯನ್ನು ಕರೆದೆ. "ಅತ್ತೆ, ಅವರು ಏಳು ಜನ ಅಲ್ಲ. ನಾನು ಎಣಿಸ್ದೇ ಹೂಂ ಅಂದೆ. ಒಂದಿನ ನಾಕು, ಒಂದಿನ ಹನ್ನೆರಡು. ಅವರ ಜೊತೆ ಒಂಟೆ ಬರ್ತದೆ. ಗೇಣುದ್ದ ಗಂಡಸರು ಟೋಪಿ ಹಾಕ್ಕೊಂಡು ಬರ್ತಾರೆ. ಕಣ್ಣು ಆಡಿಸಿದ್ರೆ ಎಲ್ಲಾ ಹೋಗ್ತದೆ. ಅದು ಮೆದುಳು ಸುಮ್ನೆ ಮಾಡ್ಕೊಳೋ ಚಿತ್ರ. ನೀವು ಕೊಟ್ಟ ಮಾತ್ರೆ ನಿಮ್ದು ಅಂತ ನಂಗೆ ಗೊತ್ತಾಯ್ತು" ಅಂದೆ.

ಅತ್ತೆ ಎದ್ದು ಹೋದರಾ, ನನ್ನ ಮುಂದೆಯೇ ಇದ್ದಾರಾ, ಹೊಡೆಯಲು ಕೈ ಎತ್ತಿದ್ದಾರಾ, ಒಂದೂ ಗೊತ್ತಿಲ್ಲ. ಅಂಥ ಭಯವನ್ನು ನಾನು ಆ ಹೆಂಗಸರ ಮುಂದೆಯೂ ಪಟ್ಟಿರಲಿಲ್ಲ. ಕೊನೆಗೆ ಅತ್ತೆ ಬಹಳ ಸಣ್ಣ ದನಿಯಲ್ಲಿ, "ಅಂಗಾರೆ ಅವರು ಎಲ್ಲಿಗೋದ್ರವ್ವಾ?" ಅಂದರು.



ಆಮೇಲೆ ಗೂಡಿನೊಳಗೆ ಕೈ ಹಾಕಿದ ಸದ್ದು. ನನ್ನ ಮಾತ್ರೆಗಳನ್ನು ಬಿಸಾಡಿರಲಿಲ್ಲ, ಅರಿಶಿನದ ಬಟ್ಟಲಿನ ಹಿಂದೆ ಇಟ್ಟಿದ್ದರು. ಒಂದನ್ನು ಬಿಡಿಸಿದರು. ನನಗೆ ಕೊಡುವ ಮೊದಲು ತಾವೇ ನಾಲಿಗೆಯ ಮೇಲಿಟ್ಟುಕೊಂಡು ಉಗುಳಿದರು, ಥೂ ಅಂದದ್ದು ಕೇಳಿಸಿತು. "ಕಯ್ಯಿ ಅದೆ. ಇದೇಯ. ನುಂಗು" ಅಂದರು. ಇವರು ಬರುವಷ್ಟರಲ್ಲಿ ನನ್ನ ಚಪ್ಪಲಿಯನ್ನು ಬಾಗಿಲಲ್ಲಿ ಜೋಡಿಸಿಟ್ಟಿದ್ದರು.

ನನಗೆ ಕಣ್ಣು ಬರುತ್ತದಾ ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ. ಬೇಗ ಬಾ.

ಕಲಾ


ಶೆಟ್ಟಿಹಳ್ಳಿ
19 ಡಿಸೆಂಬರ್ 2024

ಅಕ್ಕ,

ನೀನು ಹೊರಟ ಮೇಲೆ ಮನೆ ಬಿಕೋ ಅನ್ನುತ್ತಿದೆ. ಇವರು ನಿನ್ನ ಬೈಗುಳ ಇಲ್ಲದೆ ಬೇಜಾರು ಅನ್ನುತ್ತಾರೆ, ನಂಬಬೇಡ.

ಬಲಗಣ್ಣು ಇನ್ನಷ್ಟು ತಿಳಿಯಾಗಿದೆ. ಇವತ್ತು ಅವರೆಕಾಯಿ ಸುಲಿಯುವಾಗ ಹುಳ ಕಂಡುಹಿಡಿದೆ. ಬಣ್ಣ ಸ್ವಲ್ಪ ಮಾಸಿದ ಹಾಗಿರುತ್ತದೆ. ಹೆಂಗಸರು ಬಂದು ಎಷ್ಟೋ ದಿನವಾಯಿತು. ಕೊನೆಕೊನೆಗೆ ನೀರಿನಲ್ಲಿ ನೆನೆದ ಕಾಗದದ ಹಾಗೆ ತೆಳ್ಳಗಾಗಿದ್ದರು.

ನಿನ್ನೆ ವೇದವತಿ ಡಾಕ್ಟರು ಎಡಗಣ್ಣಿನ ವಿಷಯ ಹೇಳಿದರು. ಅದು ಬರುವುದಿಲ್ಲ. ನರ ಸತ್ತಿದೆ. ಆ ಮಾತ್ರೆ ತಪ್ಪಿದ್ದಕ್ಕೇ ಹೋಯಿತಾ ಅಂತ ಕೇಳಿದೆ. "ಹಾಗಂತ ಹೇಳೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲ" ಅಂದರು. ಇವರು ಗಾಡಿ ಪಾರ್ಕ್ ಮಾಡಲು ಹೋಗಿದ್ದರು, ಒಳಗೆ ನಾನೊಬ್ಬಳೇ ಇದ್ದೆ. ಈಗ ನಿನಗೆ ಹೇಳಿದೆ. ಮೂರನೆಯವರಿಗೆ ಗೊತ್ತಾಗಬಾರದು.

ಯಾಕೆ ಅಂದರೆ ಅತ್ತೆ ಸರಿಯಾಗಿ ಊಟ ಮಾಡುತ್ತಿಲ್ಲ. ಬೇವಿನ ಸೊಪ್ಪು ತೆಗೆದು ಹಾಕಿದ್ದಾರೆ. ಅತ್ತ ಅಕ್ಕಯ್ಯಮ್ಮನಿಗೆ ಹೆದರುತ್ತಾರೆ, ಇತ್ತ ನನ್ನ ಕಣ್ಣಿಗೆ ಹೆದರುತ್ತಾರೆ. ರಾತ್ರಿ ಮಲಗಿದ ಜಾಗದಿಂದಲೇ, "ಏನಾರ ಕಾಣ್ತದಾ?" ಅಂತ ಕೇಳುತ್ತಾರೆ. ನನಗೆ ಅವರ ಮೇಲೆ ಕೋಪ ಇಲ್ಲ ಅಂದರೆ ಸುಳ್ಳು. ಕನ್ನಡಿ ನೋಡಿಕೊಂಡಾಗಲೆಲ್ಲ ಮೈ ಉರಿಯುತ್ತದೆ. ಹೋಗಿ ಹೇಳಿಬಿಡಲಾ ಅಂತ ಅಡುಗೆಮನೆಯ ತನಕ ಹೋಗಿ ವಾಪಸ್ಸು ಬಂದಿದ್ದೇನೆ.

ಇವತ್ತು ಬೆಳಿಗ್ಗೆ ಬಂದು ಎದುರಿಗೆ ಕೂತರು. ತಮ್ಮ ಅಂಗೈಯಿಂದ ನನ್ನ ಬಲಗಣ್ಣು ಮುಚ್ಚಿದರು.

"ಈಗ ನಾನ್ ಕಾಣ್ತೀನಾ?"

"ಕಾಣ್ತೀರಿ" ಅಂದೆ.

"ಏನ್ ಸೀರೆ ಉಟ್ಟಿವ್ನಿ ಯೋಳು."

ಅವರು ಬಾಗಿಲಲ್ಲಿ ಬರುವಾಗಲೇ ನೋಡಿದ್ದೆ. "ಹಸಿರು. ಕೆಂಪಂಚು" ಅಂದೆ.

ಕೈ ತೆಗೆಯುತ್ತಾರೆ ಅಂದುಕೊಂಡೆ. ತೆಗೆಯಲಿಲ್ಲ. ಅಳುತ್ತಿದ್ದರು, ಅಂಗೈ ನನ್ನ ಕಣ್ಣಿನ ಮೇಲೆ ಅದುರುತ್ತಿತ್ತು. ಮೊದಲಿನ ಹಾಗೆಯೇ ಪೂರ್ತಿ ಕತ್ತಲು. ಇನ್ನೇನು ಆ ಹೆಂಗಸರೆಲ್ಲ ಬಂದು ಸಾಲಾಗಿ ಕೂರುತ್ತಾರೆ ಅಂತ ಹೆದರಿದೆ. ಯಾರೂ ಬರಲಿಲ್ಲ. ಅತ್ತೆಯ ಕೈಯಲ್ಲಿ ಈರುಳ್ಳಿಯ ವಾಸನೆ ಬರುತ್ತಿತ್ತು. ಅವರಾಗಿ ತೆಗೆಯುವ ತನಕ ಹಾಗೇ ಕೂತಿದ್ದೆ.

ಕಲಾ